ಎಂಟು ನಿಮಿಷದ ಸ್ಪೀಡ್ ಬೋಟ್, ಒಂದು ಗಂಟೆಯ ಟ್ರಾಲ್ ಬೋಟ್

ರಿಮೋಟ್ ಬೋಟಿಗೆ ನಾನು ಮೊದಲು ಹಣ ಹಾಕಿದ್ದು ಎರಡು ವರ್ಷಗಳ ಹಿಂದಿನ ದೀಪಾವಳಿಗೆ. ಆನ್‌ಲೈನಿನಲ್ಲಿ 5,200 ರೂಪಾಯಿ ಕೊಟ್ಟು ತರಿಸಿದ ಆ ಕೆಂಪು ಸ್ಪೀಡ್ ಬೋಟ್ ಈಗ ನಮ್ಮ ಉಡುಪಿಯ ಮನೆಯ ಅಟ್ಟದಲ್ಲಿದೆ. ಅದರ ಮರುವರ್ಷದ ಮಳೆಗಾಲದಲ್ಲಿ ಮಕ್ಕಳೂ ನಾನೂ ಸೇರಿ ಪ್ಲೈವುಡ್ಡಿನಲ್ಲಿ ಕಟ್ಟಿದ, ಬಲೆ ಎಳೆದುಕೊಂಡು ಹೋಗಿ ಮೀನು ಹಿಡಿಯುವ ಮಲ್ಪೆಯ ಟ್ರಾಲ್ ಬೋಟನ್ನು ಹೋಲುವ 60 ಸೆಂಟಿಮೀಟರ್ ಉದ್ದದ ಮಾದರಿಯೊಂದೇ ಭಾನುವಾರಗಳಲ್ಲಿ ಮಣಿಪಾಲದ ಮಣ್ಣಪಳ್ಳ ಕೆರೆಗೆ ಹೋಗಿ ಬರುತ್ತಿದೆ. ನನ್ನ ಒಲವು ಯಾವ ಕಡೆಗೆಂದು ಇದರಿಂದಲೇ ತಿಳಿಯುತ್ತದೆ.

ವೇಗದ ಮಾತು ಬಂದರೆ ಸ್ಪೀಡ್ ಬೋಟಿನ ಎದುರು ನಮ್ಮದು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ತಲೆಕೆಳಗಾದರೆ ತಾನೇ ಮಗುಚಿ ನೇರವಾಗುವ ವ್ಯವಸ್ಥೆಯೂ ಅದರಲ್ಲಿತ್ತು, ಅದು ಒಮ್ಮೆಯೂ ಕೈಕೊಡಲಿಲ್ಲ. ಕೈಕೊಟ್ಟದ್ದು ಬೇರೆಯೇ ಒಂದು ಸಂಗತಿ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಈ ಬಗೆಯ ಬೋಟುಗಳ ತಳದಲ್ಲಿ ಎರಡು ಸಣ್ಣ ಲೋಹದ ಮೊಳೆಗಳಿರುತ್ತವೆ. ಎರಡಕ್ಕೂ ನೀರು ತಾಗಿ ಅವುಗಳ ನಡುವೆ ವಿದ್ಯುತ್ ಹರಿದರೆ ಮಾತ್ರ ಮೋಟಾರು ತಿರುಗುತ್ತದೆ. ಮಗುವಿನ ಕೈಯಲ್ಲಿರುವಾಗ ಪ್ರೊಪೆಲ್ಲರ್ ತಿರುಗಿ ಬೆರಳಿಗೆ ಗಾಯವಾಗಬಾರದೆಂದು ಮಾಡಿದ ಏರ್ಪಾಡಿದು, ಉದ್ದೇಶವೇನೋ ಒಳ್ಳೆಯದೇ. ಮಣ್ಣಪಳ್ಳದ ಸಿಹಿನೀರಿನಲ್ಲಿ ಅದು ತೊಂದರೆ ಕೊಡಲಿಲ್ಲ. ಆದರೆ ನಾವು ಬೇಸಗೆ ರಜೆಯಲ್ಲಿ ಕೆಮ್ಮಣ್ಣಿನ ಕಡೆ ಸ್ವರ್ಣಾ ನದಿಯಲ್ಲಿ ಅದನ್ನು ಓಡಿಸತೊಡಗಿದೆವು, ಅಲ್ಲಿ ಉಬ್ಬರದ ಹೊತ್ತಿಗೆ ಉಪ್ಪುನೀರು ಮೇಲೇರಿ ಬರುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ಆ ಮೊಳೆಗಳ ಲೋಹ ಬೇಗನೆ ಸವೆದು, ನಾಲ್ಕನೆಯ ವಾರಕ್ಕೆ ಅವುಗಳ ಮೇಲೆ ಕಂದು ಬಣ್ಣದ ಪೊರೆ ಕಟ್ಟಿತು. ಬೋಟು ನಡುನೀರಿನಲ್ಲಿ ಒಮ್ಮೆ ಓಡುವುದು, ಒಮ್ಮೆ ನಿಲ್ಲುವುದು ಮಾಡತೊಡಗಿತು. ನಾನು ಬ್ಯಾಟರಿಯನ್ನು ಸಂಶಯಿಸಿ 900 ರೂಪಾಯಿಗೆ ಹೊಸದೊಂದನ್ನು ತರಿಸಿದೆ. ಅದನ್ನು ಹಾಕಿದ ಮೇಲೂ ಅದೇ ಪಾಡು. ಕೊನೆಗೆ ಮರಳುಕಾಗದದಿಂದ ಮೊಳೆಗಳನ್ನು ಉಜ್ಜಿದಾಗ ಎಲ್ಲವೂ ಸರಿಯಾಯಿತು, ಎರಡು ವಾರದ ಮಟ್ಟಿಗೆ.

ಅನಂತರ ಆದದ್ದು ಇದಕ್ಕೆ ತೀರಾ ವಿರುದ್ಧ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒಸರುವಂತೆಯೇ, ಮೊಳೆಗಳ ನಡುವೆ ಉಳಿದಿದ್ದ ಉಪ್ಪು ಮೇ ತಿಂಗಳ ತೇವದ ಗಾಳಿಗೆ ಒದ್ದೆಯಾಗಿ ತಾನೇ ವಿದ್ಯುತ್ತಿಗೆ ದಾರಿ ಮಾಡಿಕೊಟ್ಟಿರಬೇಕು. ಮನೆಯ ಜಗಲಿಯಲ್ಲಿ ಮಗ ಬೋಟನ್ನು ತೊಡೆಯ ಮೇಲಿಟ್ಟುಕೊಂಡು ರಿಮೋಟಿನ ಟ್ರಿಗರ್ ಒತ್ತಿದಾಗ, ತಿರುಗಬಾರದಿದ್ದ ಪ್ರೊಪೆಲ್ಲರ್ ತಿರುಗಿ ಅವನ ಅಂಗಿಯ ಅಂಚನ್ನು ಸುತ್ತಿಕೊಂಡಿತು. ಬೆರಳು ಉಳಿಯಿತು, ಅಂಗಿ ಉಳಿಯಲಿಲ್ಲ. ಮಾರಿದವರಿಗೆ ಬರೆದರೆ, ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಿರಿ ಎಂಬ ಒಂದು ಸಾಲಿನ ಉತ್ತರ ಬಂತು. ತೊಳೆಯದಿದ್ದದ್ದು ನಮ್ಮ ತಪ್ಪೆಂದು ಒಪ್ಪುತ್ತೇನೆ. ಆದರೆ ಮೊಳೆಗಳ ಹಿಂಬದಿಯ ತಂತಿಗಳನ್ನು ನೋಡೋಣವೆಂದರೆ ಒಳಭಾಗವನ್ನೆಲ್ಲ ಅಂಟು ಹಾಕಿ ಮುಚ್ಚಿಬಿಟ್ಟಿದ್ದರು, ಬಿಚ್ಚಬೇಕಾದರೆ ಒಡೆಯಲೇಬೇಕು.

ಅದರ 7.4 ವೋಲ್ಟಿನ ಲಿಥಿಯಂ ಬ್ಯಾಟರಿ ಎಂಟು ನಿಮಿಷಕ್ಕೆ ಮುಗಿಯುತ್ತಿತ್ತು. ಇಬ್ಬರು ಮಕ್ಕಳಿರುವ ಮನೆಯಲ್ಲಿ ಎಂಟು ನಿಮಿಷವೆಂದರೆ ಜಗಳವೆಂದೇ ಅರ್ಥ.

ಟ್ರಾಲ್ ಬೋಟಿನ ಯೋಚನೆ ಬಂದದ್ದು ಜೂನ್ ತಿಂಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಂಬತ್ತನೆಯ ತರಗತಿಯ ಮಗಳು ಕೊಡೆ ಹಿಡಿದು ನಿಂತು ಕ್ಯಾಬಿನ್, ಮೂತಿ, ಕಂಬಗಳ ಚಿತ್ರ ಬರೆದುಕೊಂಡಳು. ಮರಗೆಲಸದ ನೆರೆಯ ಆಚಾರ್ರು 3 ಮಿಲಿಮೀಟರ್ ಪ್ಲೈವುಡ್ಡಿನ ಉಳಿದ ತುಂಡುಗಳನ್ನು ಹಣ ತೆಗೆದುಕೊಳ್ಳದೆ ಕೊಟ್ಟರು. ಉದ್ದ 60, ಅಗಲ 18, ನೀರಿನಲ್ಲಿ ಮುಳುಗಬೇಕಾದ ಆಳ 4 ಸೆಂಟಿಮೀಟರ್ ಎಂದಿಟ್ಟುಕೊಂಡು ಗುಣಿಸಿ, ಮೂತಿ ಚೂಪಾಗಿರುವುದರಿಂದ ಅದರಲ್ಲಿ ಆರು ಹತ್ತಾಂಶವನ್ನಷ್ಟೇ ಹಿಡಿದರೆ 2,592 ಘನ ಸೆಂಟಿಮೀಟರ್ ಆಗುತ್ತದೆ. ಅಂದರೆ ಬೋಟು ಸುಮಾರು 2.6 ಕಿಲೋ ತೂಗಬೇಕು. ಪಾಠದಲ್ಲಿದ್ದ ಆರ್ಕಿಮಿಡೀಸ್ ತತ್ತ್ವವನ್ನು ಮಗಳು ಹೀಗೆ ಲೆಕ್ಕಕ್ಕಿಳಿಸಿದಳು. ಕಟ್ಟಿದ ಬೋಟು 2.1 ಕಿಲೋ ತೂಗಿತು, ಉಳಿದ ಅರ್ಧ ಕಿಲೋವನ್ನು ಬಲೆಗೆ ಕಟ್ಟುವ ಸೀಸದ ಮಣಿಗಳಿಂದ ತುಂಬಿಸಿದೆವು.

ನೀರಿನ ಮೇಲೆ ಹಾರಿದಂತೆ ಓಡಬೇಕಾದ ಸ್ಪೀಡ್ ಬೋಟಿಗೆ ಭಾರವೇ ಶತ್ರು, ನಮ್ಮದಕ್ಕಾದರೆ ಭಾರ ಬೇಕೇ ಬೇಕು. ಹಾಗಾಗಿ ಅಂಗಡಿಯ ತಕ್ಕಡಿಗೆ ಹಾಕುವ 6 ವೋಲ್ಟ್, 4.5 ಆಂಪಿಯರ್-ಅವರಿನ ಸೀಸದ ಬ್ಯಾಟರಿಯನ್ನೇ ತಳದಲ್ಲಿಟ್ಟೆವು. ನಡಿಗೆಯ ವೇಗದಲ್ಲಿ ಅದು ಒಂದು ಗಂಟೆಗೂ ಮೀರಿ ಓಡುತ್ತದೆ. 2.4 ಗಿಗಾಹರ್ಟ್ಜ್ ರೇಡಿಯೋ ತರಂಗಗಳನ್ನು ನೀರು ಹೀರಿಕೊಳ್ಳುವುದರಿಂದ ಆಂಟೆನಾವನ್ನು ಕಂಬದ ತುದಿಗೇರಿಸಿದೆವು, ನೋಡುವವರಿಗೆ ಅದು ಬೋಟಿನ ವಯರ್‌ಲೆಸ್ ಆಂಟೆನಾದಂತೆಯೇ ಕಾಣುತ್ತದೆ. ಪ್ರೊಪೆಲ್ಲರಿಗೆ ಪಾಚಿ ಸುತ್ತಿಕೊಂಡರೆ ಹಿಂದಕ್ಕೆ ತಿರುಗಿಸಿದಾಗ ಬಹುಪಾಲು ಬಿಚ್ಚಿಕೊಳ್ಳುತ್ತದೆ.

ಇದಕ್ಕೂ ದೋಷವಿಲ್ಲವೆಂದಲ್ಲ. ಮಾವನ ತೋಟದ ಸಿಮೆಂಟ್ ತೊಟ್ಟಿಯಲ್ಲಿ ಮೊದಲ ಸಲ ತೇಲಿಸಿದಾಗ, ಪ್ರೊಪೆಲ್ಲರಿನ ಸರಳು ಹಾದುಹೋಗುವ ಹಿತ್ತಾಳೆಯ ಕೊಳವೆಯ ಮೂಲಕ ನೀರು ಹನಿಹನಿಯಾಗಿ ಒಳಬಂತು. ಕ್ಯಾಬಿನನ್ನು ಎತ್ತಿ, ಸ್ಪಂಜಿನಿಂದ ನೀರು ಹಿಂಡಿ ತೆಗೆದು, ಕೊಳವೆಗೆ ಗ್ರೀಸ್ ತುಂಬಿಸಿದ್ದರಿಂದ ಅದು ಹತೋಟಿಗೆ ಬಂತು. ಈಗಲೂ ಪ್ರತಿ ಭಾನುವಾರ ಚಮಚದಷ್ಟು ನೀರು ಸಿಗುತ್ತದೆ, ಅದನ್ನು ತೆಗೆಯುವ ಕೆಲಸ ಮಗನದು. ಅವನು ತನ್ನನ್ನು ತಾಂಡೇಲನೆಂದು, ಅಂದರೆ ಬೋಟು ನಡೆಸುವ ಮುಖ್ಯಸ್ಥನೆಂದು, ಕರೆದುಕೊಳ್ಳುತ್ತಾನೆ.

ಮಂಗಳೂರಿನ ಭಾವ 65 ಸೆಂಟಿಮೀಟರಿನ ಹಾಯಿದೋಣಿಯೊಂದನ್ನು ತಂದು ಒಂದು ಬೆಳಿಗ್ಗೆ ಓಡಿಸಲು ಕೊಟ್ಟಿದ್ದರು. ಅಂದವೆಂದರೆ ಅದರದೇ ಅಂದ, ಆದರೆ ನಾವು ಕೆರೆಗೆ ಹೋಗುವ ಏಳು ಗಂಟೆಗೆ ಗಾಳಿಯೇ ಇರುವುದಿಲ್ಲ.

ಹಣದ ಲೆಕ್ಕದಲ್ಲಿ ಟ್ರಾಲ್ ಬೋಟೇ ದುಬಾರಿ. ಒಟ್ಟು 8,400 ರೂಪಾಯಿಯಲ್ಲಿ ಆರು ಚಾನೆಲ್ಲಿನ ರಿಮೋಟಿಗೇ 4,800 ಹೋಯಿತು. ಆದರೆ ಈ ರಿಮೋಟು ಮುಂದಿನ ಬೋಟಿಗೂ ಆಗುತ್ತದೆ, ಸ್ಪೀಡ್ ಬೋಟಿನದು ಅದಕ್ಕೊಂದಕ್ಕೇ ಸರಿ. ಮನೆಯಲ್ಲಿ ಒಬ್ಬನೇ ಹುಡುಗನಿದ್ದು, ಹತ್ತಿರದಲ್ಲಿ ಸಿಹಿನೀರಿನ ಕೆರೆಯಿದ್ದು, ಕಟ್ಟಲು ಎರಡು ತಿಂಗಳು ಕೂರುವ ತಾಳ್ಮೆ ಇಲ್ಲದವರಿಗೆ ಸ್ಪೀಡ್ ಬೋಟ್ ಸಾಕು. ಮಳೆಗಾಲದ ಸಂಜೆಗಳನ್ನು ಹೇಗೂ ಮನೆಯೊಳಗೇ ಕಳೆಯಬೇಕಾದ ನಮಗೆ ಟ್ರಾಲ್ ಬೋಟೇ ಹೊಂದಿತು.

ಈ ಜೂನಿಗೆಂದು ಮಗಳು, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟಿನ ನಕ್ಷೆ ಬರೆಯುತ್ತಿದ್ದಾಳೆ. ಅಟ್ಟದ ಮೇಲಿನ ಕೆಂಪು ಬೋಟಿನ ಮೋಟಾರನ್ನು ಅದಕ್ಕೆ ಹಾಕಬಹುದೇ ಎಂದು ಮಗ ಕೇಳಿದ್ದಕ್ಕೆ, ಕೊನೆಗೂ ಅಂಟು ಒಡೆದು ತೆಗೆದು ನೋಡಿದೆ. ಸರಳಿನ ಅಳತೆ ಹೊಂದುವುದಿಲ್ಲ.