ಬಾಡಿಗೆದಾರರಿಗೆ ಅಂಕ ಹಾಕುವ ಸೇವೆ: ಗುರುತಿನ ಪರಿಶೀಲನೆಗೆ ಸರಿ, ಅಂಕ ನಂಬಿ ಮನೆ ಕೊಡಬೇಡಿ

ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು ಹಳೇ ಮನೆ. ಕೆಳಗೆ ನಾವಿದ್ದೇವೆ, ಮೇಲಿನ ಎರಡು ಪೋರ್ಷನ್ ಬಾಡಿಗೆಗೆ ಕೊಡುತ್ತೇವೆ. ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದ ಮೇಲೆ ಈ ವ್ಯವಹಾರವನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ. ಈ ಸಲ ಒಂದು ಪೋರ್ಷನ್ ಖಾಲಿಯಾದಾಗ ಬ್ರೋಕರ್ ಒಂದು ಆನ್‌ಲೈನ್ ಸೇವೆ ತೋರಿಸಿದರು. ಮನೆ ಕೇಳಿಕೊಂಡು ಬಂದವರ ವಿವರ ಕೊಟ್ಟರೆ ಸಾಕು, ಅವರು ಎಷ್ಟು ನಂಬಿಕಸ್ತರು ಅಂತ ನೂರಕ್ಕೆ ಇಂತಿಷ್ಟು ಅಂಕ ಹಾಕಿ ಕಳಿಸುತ್ತಾರೆ. ಇದರ ಹೆಸರು ಬರೆಯುತ್ತಿಲ್ಲ. ಈ ಥರದ ಸೇವೆಗಳು ಈಗ ಹಲವು ಬಂದಿವೆ. ಯಾವುದಕ್ಕೆ ದುಡ್ಡು ಕೊಡುವ ಮುಂಚೆಯೂ ಏನು ನೋಡಬೇಕು ಅಂತ ಹೇಳುವುದು ನನಗೆ ಮುಖ್ಯ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಬಂದವರ ಫೋನಿಗೆ ಒಟಿಪಿ ಹೋಗುತ್ತದೆ. ಅವರು ಒಪ್ಪಿದ ಮೇಲೇ ಪರಿಶೀಲನೆ ಶುರುವಾಗುತ್ತದೆ. ಗುಟ್ಟಾಗಿ ಯಾರ ಬಗ್ಗೆಯೂ ವಿಚಾರಿಸಲು ಆಗುವುದಿಲ್ಲ, ಅದು ಸರಿಯಾಗಿದೆ. ಆಧಾರ್ ನಿಜವೋ ಅಲ್ಲವೋ, ಪ್ಯಾನ್ ಕಾರ್ಡಿನ ಹೆಸರು ಹೊಂದುತ್ತದೋ ಇಲ್ಲವೋ, ಹೇಳಿದ ಕಡೆಯೇ ಕೆಲಸ ಮಾಡುತ್ತಿದ್ದಾರೋ ಅನ್ನುವುದನ್ನು ಬೇಗ, ಅಚ್ಚುಕಟ್ಟಾಗಿ ತಿಳಿಸಿದರು. ಜೆರಾಕ್ಸ್ ಪ್ರತಿ ನೋಡಿ ಮನೆ ಕೊಡುವುದಕ್ಕಿಂತ ಇದು ಎಷ್ಟೋ ಮೇಲು. ಆಧಾರ್ ಒಂದನ್ನೇ ನೋಡಬೇಕಿದ್ದರೆ ದುಡ್ಡು ಕೊಡಬೇಕಾಗಿಲ್ಲ. ಕಾರ್ಡಿನ ಮೇಲಿನ ಕ್ಯೂಆರ್ ಕೋಡನ್ನು ಆಧಾರ್ ಸಂಸ್ಥೆಯದೇ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಬಹುದು. ನಿಮ್ಮ ಹತ್ತಿರ ಇಟ್ಟುಕೊಳ್ಳುವ ಪ್ರತಿಗೆ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೇಳಿ.

ತೊಂದರೆ ಇರುವುದು ಒಟ್ಟು ಅಂಕದಲ್ಲಿ. ಸಿಬಿಲ್ ಸ್ಕೋರ್ (ಸಾಲ ಹೇಗೆ ತೀರಿಸಿದ್ದಾರೆ ಅಂತ ನೋಡಿ ಸಿಬಿಲ್ ಸಂಸ್ಥೆ ಕೊಡುವ ಅಂಕ), ಕೋರ್ಟ್ ಕೇಸು, ಹಿಂದಿನ ಓನರ್ ಅಭಿಪ್ರಾಯ ಎಲ್ಲವನ್ನೂ ಸೇರಿಸಿ ಒಂದು ಸಂಖ್ಯೆ ಮಾಡುತ್ತಾರೆ. ಯಾವುದಕ್ಕೆ ಎಷ್ಟು ತೂಕ ಅಂತ ರಿಪೋರ್ಟಿನಲ್ಲಿ ಎಲ್ಲೂ ಇಲ್ಲ. ಕಸ್ಟಮರ್ ಕೇರ್‌ಗೆ ಕೇಳಿದರೆ ಅದು ಕಂಪನಿಯ ಒಳಗಿನ ವಿಷಯ ಅಂದರು.

ನಮ್ಮ ಮನೆ ನೋಡಲು ಬಂದವರಲ್ಲಿ ಕೆ.ಆರ್. ಮಾರ್ಕೆಟ್‌ನಲ್ಲಿ ತರಕಾರಿ ಸಗಟು ವ್ಯಾಪಾರ ಮಾಡುವವರೊಬ್ಬರಿದ್ದರು. ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು. ಅವರಿಗೆ ಬಂದ ಅಂಕ 38, ಪಕ್ಕದಲ್ಲಿ ಕೆಂಪು ಗುರುತು. ಕಾರಣ ಹುಡುಕಿದೆ. ಮೊದಲನೆಯದು, ಸಿಬಿಲ್ ಸ್ಕೋರ್ ಇಲ್ಲ. ಅವರು ಯಾವತ್ತೂ ಬ್ಯಾಂಕ್ ಸಾಲ ತೆಗೆದುಕೊಂಡಿಲ್ಲ, ಕ್ರೆಡಿಟ್ ಕಾರ್ಡ್ ಇಟ್ಟುಕೊಂಡಿಲ್ಲ. ಸಿಬಿಲ್ ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. ಸಾಲದ ಚರಿತ್ರೆಯೇ ಇಲ್ಲದವರಿಗೆ ಆ ಜಾಗದಲ್ಲಿ ಮೈನಸ್ 1 ಅಥವಾ ಚರಿತ್ರೆ ಇಲ್ಲ ಅನ್ನುವ ಗುರುತು ಬರುತ್ತದೆ. ಸಾಲ ಮಾಡಿಲ್ಲ ಅಂತ ಅಷ್ಟೇ ಅದರ ಅರ್ಥ, ಸಾಲ ಕಟ್ಟದವರು ಅಂತಲ್ಲ. ಬ್ಯಾಂಕಿನಲ್ಲಿ ಹೊಸದಾಗಿ ಸೇರಿದ ಹುಡುಗರಿಗೂ ಗೊತ್ತಿರುವ ವಿಷಯ ಇದು. ಈ ಸೇವೆ ಎರಡನ್ನೂ ಒಂದೇ ಮಾಡಿ ಅಂಕ ಕಳೆದಿತ್ತು.

ಎರಡನೆಯ ಕಾರಣ ಇನ್ನೂ ಬೇಜಾರಿನದು. ಅವರ ಹೆಸರಿನಲ್ಲಿ ಚೆಕ್ ಬೌನ್ಸ್ ಕೇಸು ಇದೆ ಅಂತ ಬರೆದಿದ್ದರು. ಕೋರ್ಟಿನ ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರಿನಿಂದ ಯಾರು ಬೇಕಾದರೂ ಹುಡುಕಬಹುದು. ಅವರದು ಊರೂರಲ್ಲೂ ಸಿಗುವ ಹೆಸರು. ಹುಡುಕಿದರೆ ಪುಟಗಟ್ಟಲೆ ಬರುತ್ತದೆ. ರಿಪೋರ್ಟಿನಲ್ಲಿದ್ದ ಕೇಸಿನವರ ತಂದೆಯ ಹೆಸರೇ ಬೇರೆ, ತಾಲ್ಲೂಕೇ ಬೇರೆ. ನಾನೇ ಕೂತು ಹೋಲಿಸಿ ನೋಡಿ ಕಂಪನಿಗೆ ಬರೆದೆ. ಅವರು ಒಪ್ಪಿಕೊಂಡು ತಿದ್ದಿದರು. ಅಷ್ಟರಲ್ಲಿ ಆ ವ್ಯಾಪಾರಿ ಬೇರೆ ಬೀದಿಯಲ್ಲಿ ಅಡ್ವಾನ್ಸ್ ಕೊಟ್ಟಾಗಿತ್ತು. ನಾನು ಕೂತು ನೋಡಿದೆ ಸರಿ. ಎಷ್ಟು ಜನ ಓನರ್‌ಗಳು ನೋಡುತ್ತಾರೆ? ಕೆಂಪು ಗುರುತು ಕಂಡ ಕೂಡಲೇ ಮನೆ ಇಲ್ಲ ಅಂದುಬಿಡುತ್ತಾರೆ. ಯಾಕೆ ಅಂತ ಆ ಮನುಷ್ಯನಿಗೆ ಗೊತ್ತೂ ಆಗುವುದಿಲ್ಲ, ಯಾಕಂದರೆ ರಿಪೋರ್ಟ್ ಹೋಗುವುದು ಓನರ್‌ಗೆ ಮಾತ್ರ.

86 ಅಂಕ ಪಡೆದ ಐಟಿ ದಂಪತಿಯೂ ಬಂದಿದ್ದರು. ಕಾರ್ ಪಾರ್ಕಿಂಗ್ ಇಲ್ಲ ಅಂತ ಹೊರಟುಹೋದರು.

ಇನ್ನು ಹಿಂದಿನ ಓನರ್ ಅಭಿಪ್ರಾಯ. ಮನೆ ಓನರ್‌ಗಳಿಗೆ ಹೆಚ್ಚು ಆಸೆ ಹುಟ್ಟಿಸುವುದು ಇದೇ. ದಾವಣಗೆರೆ ಕಡೆಯ ಹುಡುಗಿಯೊಬ್ಬಳು, ಆಸ್ಪತ್ರೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್, ತಾಯಿಯ ಜೊತೆ ಇರಲು ಮನೆ ಕೇಳಿದಳು. ಹಿಂದಿನ ಓನರ್ ಐದಕ್ಕೆ ಒಂದು ನಕ್ಷತ್ರ ಕೊಟ್ಟು 'ಜಗಳಗಂಟಿ, ಓನರ್‌ಗೆ ಗೌರವ ಕೊಡುವುದಿಲ್ಲ' ಅಂತ ಬರೆದಿದ್ದರು. ಬಾಡಿಗೆ ತಡ ಮಾಡಿದ್ದಳಾ, ಮನೆ ಹಾಳು ಮಾಡಿದ್ದಳಾ ಅನ್ನುವುದರ ಬಗ್ಗೆ ಒಂದು ಅಕ್ಷರ ಇಲ್ಲ. ನಾನು ಆ ಹುಡುಗಿಯನ್ನೇ ನೇರವಾಗಿ ಕೇಳಿದೆ. ಖಾಲಿ ಮಾಡುವಾಗ ಪೇಂಟಿಂಗ್, ಕ್ಲೀನಿಂಗ್ ಅಂತ ಎರಡು ತಿಂಗಳ ಬಾಡಿಗೆಯಷ್ಟು ದುಡ್ಡು ಹಿಡಿದರಂತೆ. ಕರಾರಿನಲ್ಲಿ ಇದ್ದದ್ದು ಒಂದು ತಿಂಗಳದ್ದು. ಉಳಿದದ್ದನ್ನು ವಾಪಸ್ ಕೇಳಿ ಲಾಯರ್ ಕೈಲಿ ನೋಟಿಸ್ ಕೊಡಿಸಿದ್ದಾಳೆ. ಕರಾರು, ನೋಟಿಸ್, ಪ್ರತಿ ತಿಂಗಳು 3ನೇ ತಾರೀಖಿನೊಳಗೆ ಬಾಡಿಗೆ ಹೋಗಿರುವ ಯುಪಿಐ ದಾಖಲೆ, ಎಲ್ಲವನ್ನೂ ತೋರಿಸಿದಳು. ಆಮೇಲೆ ಆ ಓನರ್‌ಗೂ ಫೋನ್ ಮಾಡಿದೆ. 'ಬಾಡಿಗೆ ಸರಿಯಾಗಿ ಕೊಡ್ತಿದ್ಲು ಮೇಡಂ, ಆದ್ರೆ ನಮಗೇ ನೋಟಿಸ್ ಕಳಿಸಿದ್ಲು' ಅಂದರು. ತನ್ನ ದುಡ್ಡು ತಾನು ಕೇಳಿದ್ದಕ್ಕೆ ಈ ಒಂದು ನಕ್ಷತ್ರ!

ಇದಕ್ಕೆ ಉತ್ತರ ಬರೆಯಲು ಆ ಹುಡುಗಿಗೆ ಜಾಗವೇ ಇಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಇಲ್ಲಿ. ಸಿಬಿಲ್‌ನಂಥ ಸಂಸ್ಥೆಗಳ ಮೇಲೆ ಜನರಿಗೆ ಎಷ್ಟೇ ಬೇಜಾರಿರಲಿ, ಅಲ್ಲಿ ಒಂದು ಕಟ್ಟಳೆ ಇದೆ. ಸಾಲದ ಮಾಹಿತಿ ಇಡುವ ಸಂಸ್ಥೆಗಳಿಗೆಂದೇ 2005ರ ಕಾಯ್ದೆ ಇದೆ, ಮೇಲೆ ರಿಸರ್ವ್ ಬ್ಯಾಂಕ್ ಇದೆ. ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಪಡೆಯಬಹುದು. ತಪ್ಪಿದ್ದರೆ ದೂರು ಕೊಡಬಹುದು. 30 ದಿನದೊಳಗೆ ಅದನ್ನು ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶ ಹೊರಡಿಸಿತು. ಸಾಲಕ್ಕೇ ಇಷ್ಟು ರಕ್ಷಣೆ ಇರುವಾಗ ತಲೆಯ ಮೇಲಿನ ಸೂರಿಗೆ ಬೇಡವಾ? ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ 2023ರ ಕಾಯ್ದೆಯಲ್ಲೂ ತಪ್ಪು ಮಾಹಿತಿ ತಿದ್ದಿಸುವ ಹಕ್ಕಿನ ಮಾತಿದೆ. ನಾನು ಕಂಪನಿಗೆ ಇದನ್ನೆಲ್ಲ ಬರೆದೆ. 'ಅದು ಓನರ್ ಅಭಿಪ್ರಾಯ, ನಾವು ಬದಲಾಯಿಸುವುದಿಲ್ಲ' ಅಂತ ಎರಡು ಸಾಲಿನ ಉತ್ತರ ಬಂತು.

ಫಾರಂನಲ್ಲಿ ಸಸ್ಯಾಹಾರಿಯೋ ಮಾಂಸಾಹಾರಿಯೋ ಅನ್ನುವ ಪ್ರಶ್ನೆಯೂ ಇದೆ, ಅದನ್ನು ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ. ನಂಬಿಕೆಗೂ ಊಟಕ್ಕೂ ಏನು ಸಂಬಂಧ? ಇದನ್ನು ತೆಗೆಯಲೇಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಅಂಕ ಅಳೆಯುವುದು ಬಾಡಿಗೆ ಕಟ್ಟುತ್ತಾರೋ ಇಲ್ಲವೋ ಅನ್ನುವುದನ್ನು. ಬೆಂಗಳೂರಿನಲ್ಲಿ ಆ ಭಯಕ್ಕೇ ಅಲ್ವಾ ನಾವು ಅಡ್ವಾನ್ಸ್ ತೆಗೆದುಕೊಳ್ಳುವುದು? ಇಲ್ಲಿ ಹಿಂದಿನಿಂದ ಬಂದ ರೂಢಿ ಹತ್ತು ತಿಂಗಳ ಬಾಡಿಗೆ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಅಷ್ಟು ದುಡ್ಡು ಬಡ್ಡಿಯಿಲ್ಲದೆ ನಮ್ಮ ಕೈಯಲ್ಲಿ ಇರುತ್ತದೆ. ಅದನ್ನೂ ಇಟ್ಟುಕೊಂಡು, ಅಂಕವನ್ನೂ ಕೇಳುವುದು ಒಂದೇ ಭಯಕ್ಕೆ ಎರಡು ಸಲ ಜಾಮೀನು ಕೇಳಿದ ಹಾಗೆ. ಓನರ್‌ಗೆ ನಿಜವಾಗಿ ತಿಳಿಯಬೇಕಾದದ್ದು ಬೇರೆ. ಪಕ್ಕದವರ ಜೊತೆ ಹೊಂದಿಕೊಳ್ಳುತ್ತಾರಾ, ಮೋಟರ್ ಹಾಕಿ ಮರೆತು ಸಂಪು ಖಾಲಿ ಮಾಡುತ್ತಾರಾ, ಹೇಳದೆ ಇನ್ನೊಬ್ಬರಿಗೆ ಮನೆ ಬಿಟ್ಟುಕೊಡುತ್ತಾರಾ. ಇದು ಯಾವ ಸ್ಕೋರಿನಲ್ಲೂ ಬರುವುದಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅಂತಿದೆ. ಅದು ಮಾದರಿ ಮಾತ್ರ, ಕಾನೂನು ಮಾಡಬೇಕಾದವು ರಾಜ್ಯಗಳು. ಆದರೆ ಪರಿಶೀಲನೆ ಮಾಡಿಸಿಕೊಂಡು ಬಂದವರಿಗೆ ಅಡ್ವಾನ್ಸ್ ಇಳಿಸಲು ನಮಗೆ ಯಾರ ಅಡ್ಡಿಯೂ ಇಲ್ಲ. ತನ್ನ ಆಧಾರ್, ಪ್ಯಾನ್, ಸಂಬಳ, ಬ್ಯಾಂಕ್ ವ್ಯವಹಾರ ಎಲ್ಲವನ್ನೂ ಬಿಚ್ಚಿಟ್ಟವರಿಗೆ ನಾವೂ ಏನಾದರೂ ಬಿಟ್ಟುಕೊಡಬೇಕು. ನಾನು ಆ ಲ್ಯಾಬ್ ಹುಡುಗಿಗೇ ಮನೆ ಕೊಟ್ಟೆ, ಮೂರು ತಿಂಗಳ ಅಡ್ವಾನ್ಸ್‌ಗೆ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೇನೆ, ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್ ಅನ್ನುವುದನ್ನೆಲ್ಲ 11 ತಿಂಗಳ ಕರಾರಿನಲ್ಲೇ ಬರೆದಿದ್ದೇನೆ. ಅವಳ ತಾಯಿ ಈಗ ನಮ್ಮ ತುಳಸಿ ಗಿಡಕ್ಕೂ ನೀರು ಹಾಕುತ್ತಾರೆ.

ಐದಕ್ಕೆ ಎರಡು ನಕ್ಷತ್ರ ಕೊಡುತ್ತೇನೆ, ಎರಡೂ ಗುರುತಿನ ಪರಿಶೀಲನೆಗೆ. ರಿಪೋರ್ಟನ್ನು ಬಾಡಿಗೆದಾರರಿಗೂ ಕಳಿಸಿದರೆ, ಅವರ ಉತ್ತರಕ್ಕೆ ಜಾಗ ಕೊಟ್ಟರೆ, ಓನರ್‌ಗಳು ಅಡ್ವಾನ್ಸ್ ಸರಿಯಾಗಿ ವಾಪಸ್ ಕೊಟ್ಟರಾ ಅಂತ ಬಾಡಿಗೆದಾರರೂ ಬರೆಯುವಂತೆ ಮಾಡಿದರೆ ಇನ್ನೆರಡು ಸೇರಿಸಲು ನಾನು ತಯಾರು.

ಅಲ್ಲಿಯವರೆಗೆ, ಮನೆ ಬಾಡಿಗೆಗೆ ಕೊಡುವವರು ಪೂರ್ತಿ ರಿಪೋರ್ಟಿನ ಪ್ಯಾಕೇಜ್ ಕೊಳ್ಳಬೇಡಿ, ಗುರುತಿನ ಪರಿಶೀಲನೆ ಒಂದನ್ನೇ ಆರಿಸಿ. ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ ಫಾರಂ ತುಂಬಿ ಕೊಡಿ. ಕಳೆದ ವರ್ಷದ ಬಾಡಿಗೆ ಪಾವತಿಯ ದಾಖಲೆ ತೋರಿಸಲು ಬಂದವರನ್ನೇ ಕೇಳಿ, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹಿಂದಿನ ಓನರ್‌ಗೆ ಫೋನ್ ಮಾಡಿದಾಗ 'ಹೇಗಿದ್ದರು' ಅಂತ ಸುಮ್ನೆ ಕೇಳಬೇಡಿ. 'ಬಾಡಿಗೆ ಯಾವ ತಾರೀಖಿಗೆ ಬರುತ್ತಿತ್ತು? ಅವರ ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟಿದ್ದೀರಾ?' ಅಂತ ಕೇಳಿ.