ಗಾಜು, ಡಬ್ಬಿ, ಪೌಚ್: ಯಾರಿಗೆ ಯಾವುದು?

ಬೇಯಿಸಿಟ್ಟ ಕಾಳನ್ನು ಗಾಜಿನ ಬಾಟಲಿಯಲ್ಲಿ ಕೊಳ್ಳಬೇಕೋ, ತಗಡಿನ ಡಬ್ಬಿಯಲ್ಲೋ, ಪೌಚಿನಲ್ಲೋ ಎಂದು ಕೇಳಿದ್ದೀರಿ.

ಆರೋಗ್ಯದ ಮಟ್ಟಿಗೆ ಪ್ಯಾಕಿಂಗ್‌ಗಿಂತ ಹಿಂಬದಿಯ ಲೇಬಲ್ಲೇ ಮುಖ್ಯವೆಂಬುದು ನನ್ನ ಖಚಿತ ಅಭಿಪ್ರಾಯ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಮೂರರಲ್ಲೂ 100 ಗ್ರಾಂಗೆ ಉಪ್ಪಿನಲ್ಲಿರುವ ಸೋಡಿಯಂ ಎಷ್ಟಿದೆಯೆಂದು ಹೋಲಿಸಿ, ಏಕೆಂದರೆ ‘ಒಂದು ಬಾರಿಗೆ’ ಎಂದು ನಮೂದಿಸುವ ಪ್ರಮಾಣ ಒಂದೊಂದರಲ್ಲಿ ಒಂದೊಂದು ಬಗೆಯಾಗಿರಬಹುದು. ಉಪ್ಪುನೀರನ್ನು ಬಸಿದು, ಕಾಳನ್ನು ಜರಡಿಯಲ್ಲಿ ಹಾಕಿ ನಲ್ಲಿಯ ಕೆಳಗೆ ತೊಳೆದರೆ ಸೋಡಿಯಂ ಒಂದಿಷ್ಟು ತಗ್ಗುತ್ತದೆ. ಡಬ್ಬಿಯ ಒಳಲೇಪದಲ್ಲಿ ಬಿಸ್ಫಿನಾಲ್-ಎ ಎಂಬ, ಆಹಾರಕ್ಕೆ ಇಳಿಯಬಹುದಾದ ರಾಸಾಯನಿಕ ಇರಬಹುದೆಂಬ ಆತಂಕವುಳ್ಳವರಿಗೆ ಗಾಜು ಹೆಚ್ಚು ನೆಮ್ಮದಿ ಕೊಡುತ್ತದೆ.

ತ್ಯಾಜ್ಯದ ಲೆಕ್ಕ ಅಷ್ಟು ಸರಳವಲ್ಲ. ಗಾಜು, ಡಬ್ಬಿಯ ಉಕ್ಕು ಎರಡನ್ನೂ ಕರಗಿಸಿ ಮತ್ತೆ ಮತ್ತೆ ಬಳಸಬಹುದು. ಆದರೆ ಗಾಜು ಭಾರವಾದ್ದರಿಂದ ಸಾಗಿಸಲು ಇಂಧನ ಹೆಚ್ಚು ಬೇಕು, ಬಿದ್ದರೆ ಒಡೆದೀತು. ಪೌಚ್ ಹಗುರವೇನೋ ಹೌದು. ಆದರೆ ಹಲವು ಪೌಚುಗಳಲ್ಲಿ ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಹಾಳೆ ಅಂಟಿಕೊಂಡಿರುತ್ತದೆ, ಆ ಪದರಗಳನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ಅವು ಸಾಮಾನ್ಯವಾಗಿ ಕಸವಾಗಿಯೇ ಉಳಿಯುತ್ತವೆ.

ಖಾಲಿ ಬಾಟಲಿಯನ್ನು ತೊಳೆದು ವರ್ಷಗಟ್ಟಲೆ ಬಳಸುವ ಮನೆಗೆ ಗಾಜು ಒಪ್ಪುತ್ತದೆ. ಲೋಹವನ್ನು ಪ್ರತ್ಯೇಕವಾಗಿ ಸಂಗ್ರಹಿಸುವ ವ್ಯವಸ್ಥೆಯಿದ್ದರೆ ಡಬ್ಬಿ ಆಗಬಹುದು. ಒಬ್ಬರೇ ಇದ್ದು, ದೊಡ್ಡ ಪ್ಯಾಕಿನಲ್ಲಿ ಅರ್ಧ ಕೆಟ್ಟುಹೋಗುವುದಾದರೆ ಚಿಕ್ಕ ಪೌಚೇ ವಾಸಿ. ಎಸೆದ ಕಾಳಿನೊಂದಿಗೆ ಅದನ್ನು ಬೆಳೆದ ನೀರೂ ಶ್ರಮವೂ ವ್ಯರ್ಥವಾಗುತ್ತವೆ.