ಮಕ್ಕಳ ರಕ್ಷಣೆಯ ಕಡತಗಳನ್ನು ಪರಿಶೀಲಿಸುವ ಮೂರು ವಿಧಾನಗಳು: ಇಂಗ್ಲೆಂಡಿನ ಒಂದು ಕೌನ್ಸಿಲ್‌ನಿಂದ ಹೋಲಿಕೆ

ಇಂಗ್ಲೆಂಡಿನಲ್ಲಿ ಅಪಾಯದಲ್ಲಿರುವ ಮಕ್ಕಳ ಹೊಣೆಯನ್ನು 1989ರ ಮಕ್ಕಳ ಕಾಯ್ದೆಯು ಕೌನ್ಸಿಲ್‌ಗಳಿಗೆ, ಎಂದರೆ ಸ್ಥಳೀಯ ಆಡಳಿತ ಸಂಸ್ಥೆಗಳಿಗೆ, ವಹಿಸಿದೆ. ಶಾಲೆಗಳನ್ನೂ ಮಕ್ಕಳ ಸೇವೆಗಳನ್ನೂ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆಯಾದ ಆಫ್‌ಸ್ಟೆಡ್‌ನ ತನಿಖಾಧಿಕಾರಿಗಳು ಆಗಾಗ ಬಂದು ದರ್ಜೆ ಕೊಡುತ್ತಾರಾದರೂ, ಎರಡು ತನಿಖೆಗಳ ನಡುವಿನ ದೀರ್ಘ ಅವಧಿಯಲ್ಲಿ ಕೆಲಸ ಹೇಗೆ ನಡೆಯುತ್ತಿದೆ ಎಂಬುದನ್ನು ಕೌನ್ಸಿಲ್ ತಾನೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಅಂಥ ಒಂದು ಕೌನ್ಸಿಲ್‌ನ ಗುಣಮಟ್ಟ ಪರಿಶೀಲನಾ ತಂಡದಲ್ಲಿ ದುಡಿಯುತ್ತಾ ನಾನು ಮೂರು ಬಗೆಯ ಆಡಿಟ್‌ಗಳನ್ನು ಮಾಡಿದ್ದೇನೆ: ಪ್ರಶ್ನಾಪಟ್ಟಿ ಹಿಡಿದು ಕಡತ ನೋಡುವುದು, ಆ ಮಗುವಿನ ಹೊಣೆ ಹೊತ್ತ ಸೋಷಿಯಲ್ ವರ್ಕರ್ ಜೊತೆ ಕುಳಿತು ಕಡತ ಓದುವುದು, ಮತ್ತು ಕುಟುಂಬದವರನ್ನೇ ಕೇಳುವುದು.

ಪಟ್ಟಿಯ ವಿಧಾನ ವೇಗದ್ದು. ಮಗುವಿನ ಸ್ಥಿತಿಗತಿಯ ಮೌಲ್ಯಮಾಪನ 45 ಕೆಲಸದ ದಿನಗಳೊಳಗೆ ಮುಗಿಯಿತೇ, ಮಕ್ಕಳ ರಕ್ಷಣಾ ಸಭೆ 15 ಕೆಲಸದ ದಿನಗಳೊಳಗೆ ಸೇರಿತೇ, ಮೇಲ್ವಿಚಾರಕರ ಟಿಪ್ಪಣಿ ಇದೆಯೇ ಎಂಬಂಥ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಬೇಗ ಸಿಗುತ್ತದೆ. ಭೇಟಿಯೇ ಆಗದೆ ಉಳಿದ ಮಗುವನ್ನು ಪತ್ತೆಹಚ್ಚಲು ಇದು ಅವಶ್ಯ. ಆದರೆ ಭೇಟಿಯ ದಿನಾಂಕ ಸರಿಯಿದ್ದ ಮಾತ್ರಕ್ಕೆ ಆ ಭೇಟಿಯಲ್ಲಿ ಏನಾಯಿತು ಎಂಬುದು ತಿಳಿಯುವುದಿಲ್ಲ. ಪಟ್ಟಿಯ ಎಲ್ಲ ಅಂಕಣಗಳೂ ಹಸಿರಾಗಿದ್ದ, ಎಂದರೆ ಎಲ್ಲ ಪ್ರಶ್ನೆಗೂ ಹೌದು ಎಂದಿದ್ದ, ಕಡತಗಳನ್ನು ಓದುತ್ತಾ ಹೋದಾಗ, ಪ್ರತಿ ಭೇಟಿಯ ಕೆಳಗೂ ಮಗು ಲವಲವಿಕೆಯಿಂದಿತ್ತು ಎಂಬ ಒಂದೇ ಸಾಲು ಇದ್ದು, ಯಾರೂ ಮಗುವಿನೊಡನೆ ಒಂಟಿಯಾಗಿ ಮಾತನಾಡಿಲ್ಲದಿರುವುದನ್ನು ನಾನು ಕಂಡಿದ್ದೇನೆ. ಈ ದೇಶ ಇದಕ್ಕೆ ದೊಡ್ಡ ಬೆಲೆ ತೆತ್ತಿದೆ. 2007ರ ಆಗಸ್ಟ್‌ನಲ್ಲಿ ಲಂಡನ್ನಿನ ಹ್ಯಾರಿಂಗೇಯಲ್ಲಿ ಪೀಟರ್ ಕಾನೆಲಿ ಎಂಬ 17 ತಿಂಗಳ ಮಗು ಮನೆಯಲ್ಲಿನ ಹಿಂಸೆಗೆ ಬಲಿಯಾಗಿ ಸತ್ತಿತು. ಬೇರೆ ಬೇರೆ ಇಲಾಖೆಗಳ ಸಿಬ್ಬಂದಿ ಕೊನೆಯ ಎಂಟು ತಿಂಗಳಲ್ಲಿ ಸುಮಾರು 60 ಸಲ ಆ ಮಗುವನ್ನು ನೋಡಿದ್ದರು. ಅದೇ ವರ್ಷದ ಕೊನೆಯಲ್ಲಿ ಅಲ್ಲಿನ ಮಕ್ಕಳ ಸೇವೆಗೆ ಉತ್ತಮ ಎಂಬ ದರ್ಜೆ ಸಿಕ್ಕಿತ್ತು. ಗಡುವು ಮತ್ತು ನಿಯಮಪಾಲನೆಯ ಮೇಲಿನ ಅತಿಯಾದ ಗಮನವು ಮಗುವಿನ ಮೇಲಿನ ಗಮನವನ್ನು ಕಸಿದಿದೆ ಎಂದು ಪ್ರೊಫೆಸರ್ ಐಲೀನ್ ಮನ್ರೋ 2011ರ ತಮ್ಮ ವರದಿಯಲ್ಲಿ ವಾದಿಸಿದ್ದು ಇಂಥ ಹಿನ್ನೆಲೆಯಲ್ಲಿಯೇ.

ಎರಡನೆಯದರಲ್ಲಿ ಆಡಿಟರ್ ಮೊದಲು ಕಡತವನ್ನು ಒಬ್ಬರೇ ಓದಿ, ಆಮೇಲೆ ಸೋಷಿಯಲ್ ವರ್ಕರ್ ಪಕ್ಕದಲ್ಲಿ ಕುಳಿತು ಒಂದೊಂದು ನಿರ್ಧಾರದ ಕಾರಣ ಕೇಳುತ್ತಾರೆ. ಅರ್ಧ ದಿನ ಹಿಡಿಯುತ್ತದೆ, ಹಾಗಾಗಿ ನೋಡಲಾಗುವ ಕಡತಗಳ ಸಂಖ್ಯೆ ಬಹಳ ಕಡಿಮೆ. ಆದರೂ ನನಗೆ ಅತಿ ಹೆಚ್ಚು ತಿಳಿದದ್ದು ಇಲ್ಲಿಯೇ. ಬರೆದಿರದ ಎಷ್ಟೋ ಯೋಚನೆ ಹೊರಬರುತ್ತದೆ. ತಾಯಿಯ ಹೊಸ ಸಂಗಾತಿಯ ಬಗ್ಗೆ ಮೂಡಿದ್ದ ಅನುಮಾನ, ಅದನ್ನು ಟೀಂ ಮ್ಯಾನೇಜರ್ ಬಳಿ ಹೇಳಿಯೂ ಮುಂದಕ್ಕೆ ಹೋಗದಿದ್ದ ಕಾರಣ, ಒಬ್ಬರ ತಲೆಯ ಮೇಲೆ ಎಷ್ಟು ಮಕ್ಕಳ ಹೊಣೆ ಇದೆ ಎಂಬುದು. ತಪ್ಪು ಹುಡುಕಲು ಬಂದವರು ಎಂಬ ಭಯ ಕರಗಿದ ಮೇಲೆ, ಕೆಲಸದಲ್ಲಿ ಎಲ್ಲಿ ಎಡವಿದೆ ಎಂಬುದನ್ನು ಸೋಷಿಯಲ್ ವರ್ಕರ್‌ಗಳೇ ಗುರುತಿಸಿ ಹೇಳತೊಡಗುತ್ತಾರೆ.

ಇದರ ಅಪಾಯವೂ ಅಲ್ಲಿಯೇ ಇದೆ. ಎದುರಿಗಿರುವವರ ಪ್ರಾಮಾಣಿಕತೆ ಕಂಡು ಆಡಿಟರ್ ಕೈ ಸಡಿಲವಾಗುತ್ತದೆ, ದರ್ಜೆ ಒಂದು ಮೆಟ್ಟಿಲು ಮೇಲೇರುತ್ತದೆ. ಇದನ್ನು ತಡೆಯಲು ನಮ್ಮಲ್ಲಿ ದರ್ಜೆಯನ್ನು ಲಿಖಿತ ದಾಖಲೆಯ ಆಧಾರದ ಮೇಲಷ್ಟೇ ಕೊಟ್ಟು, ಮಾತುಕತೆಯಲ್ಲಿ ತಿಳಿದುಬಂದದ್ದನ್ನು ಕಲಿಕೆಯ ಭಾಗದಲ್ಲಿ ಬರೆಯುತ್ತೇವೆ. ಕೆಲವು ಕಡತಗಳನ್ನು ಮೊದಲ ದರ್ಜೆ ತಿಳಿಯದ ಇನ್ನೊಬ್ಬ ಆಡಿಟರ್ ಓದುತ್ತಾರೆ. ಇದು ಕಠೋರವೆಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದುಂಟು. ನಾನು ಇದನ್ನೇ ಸಮರ್ಥಿಸುತ್ತೇನೆ, ಏಕೆಂದರೆ ಕೌನ್ಸಿಲ್‌ನ ಆಶ್ರಯದಲ್ಲಿ ಬೆಳೆದವರು ದೊಡ್ಡವರಾದ ಮೇಲೆ ತಮ್ಮ ಕಡತವನ್ನು ಕೇಳಿ ಪಡೆದು ಓದಬಹುದು. ತನ್ನನ್ನು ಅಮ್ಮನಿಂದ ಏಕೆ ಬೇರೆ ಮಾಡಿದರು ಎಂಬ ಪ್ರಶ್ನೆಗೆ ಆ ಹೊತ್ತಿನಲ್ಲಿ ಉತ್ತರ ಕೊಡಬೇಕಾದದ್ದು ಆ ಕಾಗದವೇ. ಸೋಷಿಯಲ್ ವರ್ಕರ್ ಅಷ್ಟರಲ್ಲಿ ಬೇರೆ ಊರು ಸೇರಿರುತ್ತಾರೆ.

ಕುಟುಂಬವನ್ನು ಕೇಳುವುದು ಮೂರರಲ್ಲಿ ಕಷ್ಟದ್ದು. ಹಲವರು ಫೋನ್ ಎತ್ತುವುದಿಲ್ಲ, ನ್ಯಾಯಾಲಯದ ಪ್ರಕರಣ ನಡೆಯುತ್ತಿದ್ದರೆ ಮಾತು ಕೋಪದಲ್ಲಿ ಮುಗಿಯುತ್ತದೆ, ಬಂದ ಉತ್ತರಗಳಿಂದ ಶೇಕಡಾವಾರು ಲೆಕ್ಕ ಕಟ್ಟುವುದು ಸಲ್ಲದು. ಹಾಗಿದ್ದೂ ಬೇರೆಲ್ಲಿಯೂ ಸಿಗದ ಸಂಗತಿ ಇಲ್ಲಿ ಸಿಗುತ್ತದೆ. ಮಾತೃಭಾಷೆ ಹಿಂದಿ ಎಂದು ದಾಖಲಾಗಿದ್ದ ಒಂದು ಮನೆಗೆ ಫೋನ್ ಮಾಡಿದಾಗ ಆ ತಾಯಿ ತೆಲುಗಿನವರೆಂದು ತಿಳಿಯಿತು. ಹಿಂದಿ ದುಭಾಷಿಯ ಮಾತು ಅರ್ಧಂಬರ್ಧ ಅರ್ಥವಾಗುತ್ತಿದ್ದುದರಿಂದ ಉಳಿದದ್ದನ್ನು ಮಗಳೇ ಅನುವಾದಿಸುತ್ತಿದ್ದಳು, ಎಂದರೆ ಯಾರ ಸುರಕ್ಷತೆಗಾಗಿ ಸಭೆ ಸೇರಿತ್ತೋ ಆ ಮಗುವೇ ಸಭೆಯ ಮಾತನ್ನು ಅಮ್ಮನಿಗೆ ದಾಟಿಸುತ್ತಿತ್ತು. ದುಭಾಷಿಯ ವ್ಯವಸ್ಥೆ ಆಗಿತ್ತೇ ಎಂಬ ಪಟ್ಟಿಯ ಪ್ರಶ್ನೆಗೆ ಆ ಕಡತದಲ್ಲಿ ಹೌದು ಎಂದೇ ಇತ್ತು.

ಸಿಬ್ಬಂದಿ ಕಡಿಮೆಯಿರುವ ತಂಡಕ್ಕೆ ನನ್ನ ಆಯ್ಕೆ ಸ್ಪಷ್ಟ. ಗಡುವುಗಳ ಲೆಕ್ಕವನ್ನು ಕಂಪ್ಯೂಟರ್ ವರದಿಗೆ ಬಿಟ್ಟು, ಆಡಿಟರ್‌ಗಳ ಸಮಯವನ್ನು ಜೊತೆ ಕುಳಿತು ಓದುವುದಕ್ಕೆ ಮೀಸಲಿಡಬೇಕು. ಹಾಗೆ ಓದುವ ಪ್ರತಿ ಕಡತಕ್ಕೂ ಕುಟುಂಬದೊಡನೆ ಒಂದು ಮಾತುಕತೆಗೆ ಪ್ರಯತ್ನಿಸಲೇಬೇಕು. ಅಪಾಯದ ಮುನ್ಸೂಚನೆಯಿರುವ ನಿರ್ದಿಷ್ಟ ಗುಂಪಿಗೆ, ಉದಾಹರಣೆಗೆ ಮನೆಯಿಂದ ಪದೇ ಪದೇ ಕಾಣೆಯಾಗುವ ಹದಿಹರೆಯದವರ ಕಡತಗಳಿಗೆ, ಚಿಕ್ಕ ಪಟ್ಟಿ ಹಿಡಿದು ಒಂದು ಬಾರಿ ನೋಡುವುದು ಉಪಯುಕ್ತ.

ಮೂರೂ ವಿಧಾನಗಳು ಸಮಾನವಾಗಿ ಸೋಲುವುದು ಆಡಿಟ್ ಮುಗಿದ ಮೇಲೆ. ಸೂಚಿಸಿದ ಕ್ರಮ ಜಾರಿಯಾಯಿತೇ ಎಂದು ಸೂಚಿಸಿದವರೇ ಮೂರು ತಿಂಗಳ ನಂತರ ಕಡತ ತೆರೆದು ನೋಡಬೇಕೆಂದು ನಾವು ನಿಗದಿಮಾಡಿಕೊಂಡ ಮೇಲೆ, ಆಡಿಟರ್‌ಗಳು ಬರೆಯುವ ಶಿಫಾರಸುಗಳ ಸಂಖ್ಯೆ ಇಳಿಯಿತು, ಮತ್ತು ಉಳಿದ ಒಂದೆರಡರಲ್ಲಿ ಯಾರು, ಯಾವ ದಿನದೊಳಗೆ, ಮಗುವಿಗಾಗಿ ಏನು ಮಾಡಬೇಕು ಎಂಬುದು ಹೆಸರು ಸಹಿತ ಇರತೊಡಗಿತು.